ಮೇಣದ ಕಾಗದದ ಮೇಲೆ ಹಳೇಬೀಡು

ನಮ್ಮ ಕಡೆ ಅಡಿಕೆ ಬೇಯಿಸುವ ಹಂಡೆಗೆ ಬೆಂಕಿ ಬಿದ್ದ ಮೇಲೆ ರಾತ್ರಿ ಯಾರೂ ಬೇಗ ಮಲಗುವುದಿಲ್ಲ. ಸುಲಿಯುವವರ ಕೈ ಒಂದು ಕಡೆ ಓಡುತ್ತಿದ್ದರೆ ಬಾಯಿ ಇನ್ನೊಂದು ಕಡೆ. ಹುಲಿಯ ಕಥೆ, ಕೋರ್ಟಿನ ಕಥೆ, ದೆವ್ವದ ಕಥೆ ಎಲ್ಲ ಮುಗಿದು ನನ್ನ ಸರದಿ ಬಂತೆಂದರೆ ನಾನು ಹೇಳುವುದು ಇದನ್ನೇ: ಟ್ರೈಪ್ ಎಂಬ ಕ್ಯಾಪ್ಟನ್ ಹಳೇಬೀಡಿಗೆ ಕ್ಯಾಮೆರಾ ಹೊತ್ತು ತಂದದ್ದು, ಮತ್ತು ಅವನ ಬೆನ್ನು ಹತ್ತಿ ನಾನೂ ನನ್ನ ಹಿರಿಯ ಗೆಳೆಯರೊಬ್ಬರೂ ಅಲ್ಲಿಗೆ ಹೋದದ್ದು. ಕೇಳಿದವರೇ ಮತ್ತೆ ಕೇಳುತ್ತಾರೆ. ಹೇಳಿದಷ್ಟೂ ನನಗೆ ಅದರಲ್ಲಿ ಹೊಸತು ಕಾಣುತ್ತದೆ.

ಅದು 1854ರ ಡಿಸೆಂಬರ್. ಬೆಂಗಳೂರಿಗೆ ರೈಲು ಬರಲು ಇನ್ನೂ ಹತ್ತು ವರ್ಷ ಬಾಕಿ. ಮುಮ್ಮಡಿ ಕೃಷ್ಣರಾಜ ಒಡೆಯರು ಹೆಸರಿಗೆ ದೊರೆ. ಆಡಳಿತವೆಲ್ಲ ಕಮಿಷನರ್ ಮಾರ್ಕ್ ಕಬ್ಬನ್ ಕೈಯಲ್ಲಿ. ಬೆಂಗಳೂರಿನ ದಂಡಿನಲ್ಲಿದ್ದ ಮದ್ರಾಸು ಸೈನ್ಯದ ಕ್ಯಾಪ್ಟನ್ ಒಬ್ಬ ಹಾಸನದ ದಿಕ್ಕಿಗೆ ಹೊರಟ. ಹೆಸರು ಲಿನೇಯಸ್ ಟ್ರೈಪ್, ವಯಸ್ಸು ಮೂವತ್ತೆರಡು. ಯುದ್ಧವಿರಲಿಲ್ಲ, ಬಂಡಾಯವಿರಲಿಲ್ಲ. ಹೊತ್ತು ಹೊರಟ ಸಾಮಾನೆಂದರೆ ದೊಡ್ಡ ಮರದ ಕ್ಯಾಮೆರಾ, ಗಾಜಿನ ಶೀಶೆಗಳಲ್ಲಿ ಬೆಳ್ಳಿಯ ಉಪ್ಪು, ಆಮ್ಲಗಳು, ಮತ್ತು ಮೇಣ ಉಣ್ಣಿಸಿದ ಕಾಗದದ ಕಟ್ಟುಗಳು.

ಕ್ಯಾಮೆರಾ ದೊಡ್ಡದು ಎಂದೆನಲ್ಲ, ಅದಕ್ಕೆ ಕಾರಣವಿದೆ. ಸಣ್ಣ ನೆಗೆಟಿವ್‌ನಿಂದ ದೊಡ್ಡ ಚಿತ್ರ ಮಾಡುವ ಸೌಕರ್ಯ ಆಗ ಇರಲಿಲ್ಲ. ಕಾಗದದ ಮೇಲೆ ಕಾಗದ ಒತ್ತಿ ಬಿಸಿಲಿಗಿಟ್ಟರೆ ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಟ್ರೈಪ್‌ನ ನೆಗೆಟಿವ್‌ಗಳು ಸುಮಾರು 12 ಇಂಚು ಅಗಲ, 15 ಇಂಚು ಉದ್ದ. ಅಂಥ ಹಾಳೆ ಹಿಡಿಯುವ ಪೆಟ್ಟಿಗೆಯನ್ನು ಎತ್ತಿನ ಗಾಡಿಯಲ್ಲಿ ಕುಲುಕಾಡಿಸಿಕೊಂಡು, ಹಳ್ಳ ದಾಟಿಸಿ, ದೇವಸ್ಥಾನದ ಎದುರು ಇಳಿಸಿ ಮಟ್ಟಸವಾಗಿ ನಿಲ್ಲಿಸಬೇಕು. ಇಂದು ಜೇಬಿನಿಂದ ಫೋನು ತೆಗೆದು ಹಳೇಬೀಡಿನ ಆನೆಸಾಲಿನ ಮುಂದೆ ನಿಂತು ಕ್ಲಿಕ್ಕಿಸಿ ಬರುವವರಿಗೆ ಇದನ್ನು ಹೇಳಿದರೆ ಕಣ್ಣರಳಿಸುತ್ತಾರೆ.

ಆಸಾಮಿಯ ಹಿನ್ನೆಲೆಯನ್ನೂ ಒಂದಿಷ್ಟು ಹೇಳಬೇಕು. ಇಂಗ್ಲೆಂಡಿನ ಡೆವನ್ ಸೀಮೆಯ ಡೆವನ್‌ಪೋರ್ಟ್ ಎಂಬ ಹಡಗುಕಟ್ಟೆಯ ಊರಿನಲ್ಲಿ 1822ರ ಏಪ್ರಿಲ್ 14ರಂದು ಹುಟ್ಟಿದವನು. ಹದಿನಾರು ವರ್ಷಕ್ಕೇ, 1838ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ ದಕ್ಷಿಣ ಭಾರತಕ್ಕೆ ಬಂದ. ಹತ್ತಾರು ವರ್ಷ ಕವಾಯತು, ಪಾಳಿ, ವರ್ಗಾವಣೆ. 1850ರ ದಶಕದ ಆರಂಭದಲ್ಲಿ ರಜೆಯ ಮೇಲೆ ಊರಿಗೆ ಹೋದಾಗ ಫೋಟೊಗ್ರಫಿಯ ಹುಚ್ಚು ಹತ್ತಿತು. ಮೊದಲು ತೆಗೆದದ್ದು ತನ್ನೂರಿನ ಹಡಗುಕಟ್ಟೆಯನ್ನೇ. ಕಟ್ಟುತ್ತಿರುವ ಹಡಗುಗಳು, ತೊಲೆಗಳು, ಕಲ್ಲಿನ ಗೋಡೆಗಳು. 1853ರಲ್ಲಿ ಲಂಡನ್ನಿನಲ್ಲಿ ಆಗಷ್ಟೇ ಹುಟ್ಟಿದ್ದ ಫೋಟೊಗ್ರಫಿಕ್ ಸೊಸೈಟಿಯ ಸದಸ್ಯನಾದ. ಮರುವರ್ಷ ಬೆಂಗಳೂರಿಗೆ ಮರಳಿದ.

ಆಗಿನ ಪದ್ಧತಿ ಹೀಗಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರಲ್ಲಿ ಮೇಣದ ಕಾಗದದ ವಿಧಾನ ಪ್ರಕಟಿಸಿದ್ದ. ಒಳ್ಳೆಯ ತೆಳು ಕಾಗದಕ್ಕೆ ಜೇನುಮೇಣ ಸವರಿ, ಬಿಸಿ ಇಸ್ತ್ರಿ ಎಳೆದು, ಎಳೆಎಳೆಗೂ ಮೇಣ ಇಳಿಯುವಂತೆ ಮಾಡುವುದು. ಅದನ್ನು ಅಯೊಡೈಡ್ ದ್ರಾವಣದಲ್ಲಿ ಅದ್ದಿ ಒಣಗಿಸುವುದು. ಕತ್ತಲೆಯಲ್ಲಿ ಸಿಲ್ವರ್ ನೈಟ್ರೇಟ್ ಉಣ್ಣಿಸಿ, ತೊಳೆದು, ಮತ್ತೆ ಒಣಗಿಸುವುದು. ಅಲ್ಲಿಗೆ ಕಾಗದಕ್ಕೆ ಕಣ್ಣು ಬಂದಂತೆ. ಕ್ಯಾಮೆರಾದಲ್ಲಿಟ್ಟು ಹಲವು ನಿಮಿಷ ಬೆಳಕು ತೋರಿಸಬೇಕು. ಹೊರತೆಗೆದಾಗ ಅದರ ಮೇಲೆ ಏನೂ ಕಾಣದು. ಮಾಚಿಕಾಯಿಯಿಂದ ತೆಗೆಯುವ ಗ್ಯಾಲಿಕ್ ಆಮ್ಲದಲ್ಲಿ ಗಂಟೆಗಟ್ಟಲೆ ಮಲಗಿಸಿದ ಮೇಲೆ ಚಿತ್ರ ನಿಧಾನಕ್ಕೆ ಏಳುತ್ತದೆ. ಇದರಲ್ಲಿ ಪ್ರವಾಸಿಗನಿಗೆ ಒಂದು ದೊಡ್ಡ ಅನುಕೂಲವಿತ್ತು: ಕಾಗದವನ್ನು ಕೆಲವು ದಿನ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಬಹುದು. ಗಾಜಿನ ಹಸಿ ಪ್ಲೇಟಾದರೆ ಸ್ಥಳದಲ್ಲೇ ಡೇರೆ ಹಾಕಿ, ರಾಸಾಯನಿಕ ಸುರಿದು, ಆರುವುದರೊಳಗೆ ಚಿತ್ರ ತೆಗೆದು ಮುಗಿಸಬೇಕಿತ್ತು. ನಮ್ಮ ಬಿಸಿಲು, ಧೂಳಿನಲ್ಲಿ ಎತ್ತಿನ ಗಾಡಿಯ ಪ್ರಯಾಣಕ್ಕೆ ಕಾಗದವೇ ಸರಿ ಅಂತ ಟ್ರೈಪ್ ಆರಿಸಿಕೊಂಡದ್ದು ಬಹಳ ತಿಳಿದು ಆರಿಸಿದ್ದು.

ಅವನು ಬಂದಾಗ ಹಳೇಬೀಡು ಹೇಗಿದ್ದಿರಬೇಕು, ಯೋಚಿಸಿ. ಹುಲ್ಲುಹಾಸಿಲ್ಲ, ಬೇಲಿಯಿಲ್ಲ, ಟಿಕೆಟ್ಟಿಲ್ಲ. ವಿಷ್ಣುವರ್ಧನನ ಕಾಲದಲ್ಲಿ, 1121ರ ಸುಮಾರಿಗೆ ಆರಂಭವಾದ ಹೊಯ್ಸಳೇಶ್ವರ ದೇವಾಲಯ. ಜೋಡಿ ಗರ್ಭಗುಡಿ, ಮೇಲೆ ಶಿಖರವಿಲ್ಲ. ಅಡಿಯಿಂದ ಮೇಲಕ್ಕೆ ಆನೆ, ಸಿಂಹ, ಬಳ್ಳಿ, ಕುದುರೆ, ಪುರಾಣದ ಕಥೆ, ಮಕರ, ಹಂಸ ಅಂತ ಪಟ್ಟಿಯ ಮೇಲೆ ಪಟ್ಟಿ. ಬಳಪದ ಕಲ್ಲು ಬಗ್ಗಿದಲ್ಲೆಲ್ಲ ನೆರಳು ಬಗ್ಗುತ್ತದೆ. ಕಪ್ಪು ಬಿಳುಪಿನ ಕಲೆಗೆ ಇದಕ್ಕಿಂತ ಒಳ್ಳೆಯ ಗೋಡೆ ಬೇರೆಲ್ಲಿದೆ? ಟ್ರೈಪ್ ಅಲ್ಲಿ ತೆಗೆದ ಒಂದು ಚಿತ್ರದ ಶೀರ್ಷಿಕೆಯಲ್ಲಿ ಮಂಟಪದ ಹೆಸರಿನ ಜೊತೆಗೆ ಈಶಾನ್ಯ ದಿಕ್ಕಿನಿಂದ ಕಂಡದ್ದು ಎಂದು ಬರೆದಿದ್ದಾನೆ. ನನಗೆ ಆ ಶೀರ್ಷಿಕೆ ತುಂಬಾ ಇಷ್ಟ. ಸುಂದರ, ಅದ್ಭುತ ಎಂಬ ಬಣ್ಣನೆ ಒಂದೂ ಇಲ್ಲ. ಯಾವ ದಿಕ್ಕಿನಲ್ಲಿ ನಿಂತೆ ಅಂತ ಹೇಳಿದ್ದಾನೆ, ಅಷ್ಟೇ. ಬೇಕಾದವರು ಹೋಗಿ ಅಲ್ಲೇ ನಿಂತು ಪರೀಕ್ಷಿಸಬಹುದು.

ನಾವು ಹೋಗಿ ನಿಂತದ್ದೂ ಅದಕ್ಕೇ. ನನ್ನ ಗೆಳೆಯರು ತಾಲ್ಲೂಕು ಪಟ್ಟಣವೊಂದರಲ್ಲಿ ಸ್ಟುಡಿಯೊ ಇಟ್ಟಿದ್ದವರು. ಮದುವೆ, ಮುಂಜಿ, ಶಾಲೆಯ ಗ್ರೂಪ್ ಫೋಟೊ, ಪಾಸ್‌ಪೋರ್ಟ್ ಸೈಜು, ತೀರಿಕೊಂಡವರ ದೊಡ್ಡ ಪಟ. ಇಡೀ ತಾಲ್ಲೂಕಿನ ಮುಖಗಳು ಅವರ ಕೈಯಲ್ಲಿ ಹಾದುಹೋಗಿವೆ. ಡಿಜಿಟಲ್ ಬಂದ ಮೇಲೆ ಅಂಗಡಿಯನ್ನು ಮಗನಿಗೆ ಬಿಟ್ಟು, ಹಳೆಯ ಬ್ರೋಮೈಡ್ ಕಾಗದದ ಪೊಟ್ಟಣಗಳನ್ನು ಮಾತ್ರ ತಮ್ಮ ಹತ್ತಿರ ಇಟ್ಟುಕೊಂಡಿದ್ದರು. ನಾನು ಟ್ರೈಪ್‌ನ ಚಿತ್ರಗಳ ನಕಲು ತೋರಿಸಿದಾಗ ಬೆಳಕಿಗೆ ಹಿಡಿದು, ಕನ್ನಡಕ ಹಣೆಗೇರಿಸಿ, ಬಹಳ ಹೊತ್ತು ನೋಡಿ ಕೇಳಿದ ಪ್ರಶ್ನೆ ಒಂದೇ: "ಜನ ಎಲ್ಲಿ?"

ನಿಜ. ಟ್ರೈಪ್‌ನ ಹೆಚ್ಚಿನ ಚಿತ್ರಗಳಲ್ಲಿ ಜನರಿಲ್ಲ. ಮಂಟಪವಿದೆ, ಕೆರೆಯಿದೆ, ಬೀದಿಯಿದೆ, ನರಪಿಳ್ಳೆಯಿಲ್ಲ. ಎಲ್ಲ ಬಿಟ್ಟು ಹೋದ ಊರಿನ ಹಾಗೆ ಕಾಣುತ್ತದೆ.

"ಓಡಿಸಿರಬೇಕು ದಂಡಿನವರು" ಅಂದೆ ನಾನು.

"ಓಡಿಸೋದೇನೂ ಬೇಡ. ತೋರಿಸ್ತೀನಿ ಬನ್ನಿ."

ಹೀಗೆ ಒಂದು ಡಿಸೆಂಬರಿನಲ್ಲಿ ಹೊರಟೆವು. ಅವರ ಕೈಯಲ್ಲಿದ್ದದ್ದು ಹಾಲಿನ ಪುಡಿಯ ತಗಡಿನ ಡಬ್ಬಿ. ಒಳಗೆ ಕಪ್ಪು ಬಣ್ಣ ಬಳಿದು, ಹೊಟ್ಟೆಗೆ ಸೂಜಿಯ ಮೊನೆಯಷ್ಟು ತೂತು ಕೊರೆದು, ತೂತಿಗೆ ಕಪ್ಪು ಟೇಪಿನ ರೆಪ್ಪೆ ಮಾಡಿದ್ದರು. ಒಳಗೆ ಬ್ರೋಮೈಡ್ ಕಾಗದದ ತುಂಡು ಬಾಗಿಸಿ ಕೂರಿಸಿದ್ದರು. ಲೆನ್ಸ್ ಇಲ್ಲ, ಬಟನ್ ಇಲ್ಲ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು. ಡಬ್ಬಿಗೆ ಅದರ ಗೊಡವೆಯೇ ಇಲ್ಲ. ದೇವಾಲಯದಿಂದ ಸಾಕಷ್ಟು ದೂರ, ಹುಲ್ಲಿನ ಅಂಚಿನಲ್ಲಿ ಅದನ್ನಿಟ್ಟು, ಅಲುಗಾಡದಂತೆ ಮೇಲೊಂದು ಕಲ್ಲು ಹೇರಿ, ಟೇಪು ಎತ್ತಿದರು.

ಆ ಒಂದೆರಡು ನಿಮಿಷದಲ್ಲಿ ಏನೆಲ್ಲ ನಡೆಯಿತು! ಶಾಲಾ ಮಕ್ಕಳ ಸಾಲೊಂದು ಹೆಗಲ ಮೇಲೆ ಕೈಯಿಟ್ಟುಕೊಂಡು ರೈಲಿನಂತೆ ನಮ್ಮ ಮುಂದೆಯೇ ಹಾದುಹೋಯಿತು. ಮೇಷ್ಟ್ರು ಹಿಂದೆ ಓಡಿದರು. ನವದಂಪತಿಯೊಂದು ಗೋಡೆಗೆ ಬೆನ್ನು ಕೊಟ್ಟು ಸೆಲ್ಫಿ ತೆಗೆದುಕೊಂಡು ಹೊರಟಿತು. ಗೈಡ್ ಒಬ್ಬರು ನಟರಾಜನ ಮುಂದೆ ಕೈ ಆಡಿಸಿ ವಿವರಿಸಿದರು. ಇಷ್ಟರ ನಡುವೆ ಜಗಲಿಯ ಮೆಟ್ಟಿಲ ಬದಿಯಲ್ಲಿ ಕಾವಲಿನವರೊಬ್ಬರು ಬಿಸಿಲಿಗೆ ಮೈಯೊಡ್ಡಿ, ಕೋಲು ತೊಡೆಯ ಮೇಲಿಟ್ಟು, ತೂಕಡಿಸುತ್ತ ಕೂತಿದ್ದರು. ಗೆಳೆಯರು ಗಡಿಯಾರ ನೋಡಿ ಟೇಪು ಮುಚ್ಚಿದರು.

ಆ ರಾತ್ರಿ ಹಾಸನದ ಲಾಡ್ಜಿನ ಬಚ್ಚಲುಮನೆಯೇ ಡಾರ್ಕ್ ರೂಮು. ಕಿಟಕಿಗೆ ಕಂಬಳಿ, ಹೋಲ್ಡರಿನಲ್ಲಿ ಕೆಂಪು ಬಲ್ಬು, ನೆಲದ ಮೇಲೆ ಮೂರು ಪ್ಲಾಸ್ಟಿಕ್ ತಟ್ಟೆ. ಬಿಳಿಯ ಕಾಗದವನ್ನು ಡೆವಲಪರ್‌ಗೆ ಜಾರಿಸಿ ತಟ್ಟೆಯ ಒಂದು ಅಂಚನ್ನು ಮೆಲ್ಲಗೆ ಎತ್ತಿ ಇಳಿಸುತ್ತ ಕೂತರು. ಮೊದಲು ಕಪ್ಪಾದದ್ದು ಆಕಾಶ. ನೆಗೆಟಿವ್ ತಾನೇ, ಬೆಳಕಿದ್ದಲ್ಲೆಲ್ಲ ಕಪ್ಪು. ಆಮೇಲೆ ಹುಲ್ಲು ಬೂದಿಯಾಯಿತು, ಗೋಡೆಯ ಏಣುಗಳು ಒಂದೊಂದಾಗಿ ಬಿಡಿಸಿಕೊಂಡವು. ಹೈಪೋದಲ್ಲಿ ಅದ್ದಿ, ನೀರಿನಲ್ಲಿ ತೊಳೆದು, ದೊಡ್ಡ ಬಲ್ಬು ಹಾಕಿದಾಗ ಇಬ್ಬರೂ ಬಗ್ಗಿ ನೋಡಿದೆವು. ಮಕ್ಕಳ ರೈಲು ಇಲ್ಲ. ಮೇಷ್ಟ್ರಿಲ್ಲ. ಗೈಡ್ ಇಲ್ಲ. ದಂಪತಿ ನಿಂತಲ್ಲಿ ಉಸಿರು ತಾಗಿದ ಗಾಜಿನಷ್ಟು ಮಸುಕು. ಆದರೆ ಮೆಟ್ಟಿಲ ಬದಿಯಲ್ಲಿ, ಕಲ್ಲಿನಷ್ಟೇ ಸ್ಪಷ್ಟವಾಗಿ, ತೂಕಡಿಸುವ ಕಾವಲಿನವರು!

"ನೋಡಿದ್ರಾ? ಕೂತವನಿಗೆ ಮಾತ್ರ ಫೋಟೊ. ನಡೆದವನಿಗೆ ಇಲ್ಲ."

ಈಗಲೂ ಟ್ರೈಪ್‌ನ ಯಾವುದೇ ಚಿತ್ರ ಕಂಡರೆ ನಾನು ಮೊದಲು ನೋಡುವುದು ಮೂಲೆಗಳನ್ನು. ಬಂಡಿ ಹೊಡೆದವರು, ನೀರು ಹೊತ್ತವರು, ಕ್ಯಾಮೆರಾ ನೋಡಲು ಬಂದು ಕೆಲಸ ನೆನಪಾಗಿ ಹೊರಟುಹೋದ ಊರಿನವರು, ಎಲ್ಲರೂ ಆ ಹೊತ್ತಿನಲ್ಲಿ ಅಲ್ಲೇ ಇದ್ದವರು. ಅವರು ನಡೆದುಹೋದ ದಾರಿಯನ್ನೇ ಆ ಖಾಲಿ ಅಂಗಳಗಳು ತೋರಿಸುತ್ತಿವೆ ಎಂದು ನನಗೆ ಅನ್ನಿಸುತ್ತದೆ.

ಅದೇ ರಾತ್ರಿ ಇನ್ನೊಂದು ಚರ್ಚೆಯೂ ಆಯಿತು. ಕಾಗದದ ನೆಗೆಟಿವ್‌ನಲ್ಲಿ ಆಕಾಶ ಪೂರ್ತಿ ಕಪ್ಪಾಗುತ್ತದೆ, ಚಿತ್ರದಲ್ಲಿ ಖಾಲಿ ಬಿಳುಪಾಗುತ್ತದೆ. ಆ ಕಾಲದ ರಾಸಾಯನಿಕಕ್ಕೆ ನೀಲಿಯೂ ಬಿಳಿಯೂ ಒಂದೇ. ಟ್ರೈಪ್ ಏನು ಮಾಡುತ್ತಿದ್ದ ಗೊತ್ತೇ? ನೆಗೆಟಿವ್‌ನ ಮೇಲೆ ಬಣ್ಣದಿಂದ ಮೋಡ ಬಿಡಿಸುತ್ತಿದ್ದ. ಗಾಳಿಗೆ ಅಲುಗಿ ಕದಡಿಹೋದ ಎಲೆಗಳನ್ನು ಕುಂಚದಿಂದ ತಿದ್ದುತ್ತಿದ್ದ. ಇದು ಸುಳ್ಳಲ್ಲವೇ ಅಂತ ನಾನು ಕೇಳಿದೆ. ದಾಖಲೆ ಅಂದ ಮೇಲೆ ಇದ್ದದ್ದು ಇದ್ದಂತೆ ಇರಬೇಡವೇ?

ಗೆಳೆಯರು ಇದಕ್ಕೆ ಒಪ್ಪಲೇ ಇಲ್ಲ. ಅರ್ಧ ಆಯಸ್ಸು ನೆಗೆಟಿವ್‌ನ ಮೇಲೆ ಮೊನಚು ಪೆನ್ಸಿಲ್ ಆಡಿಸಿ ಮದುಮಕ್ಕಳ ಮುಖದ ಮೊಡವೆ, ಸಿಡುಬಿನ ಕಲೆ ಮರೆಸಿದವರು ಅವರು. "ಆಕಾಶ ಅಲ್ಲಿ ಇತ್ತೋ ಇಲ್ವೋ? ಮೋಡ ಇತ್ತೋ ಇಲ್ವೋ? ಕಾಗದಕ್ಕೆ ಕಾಣಲಿಲ್ಲ, ಕಣ್ಣಿಗೆ ಕಂಡಿತ್ತು. ಕಂಡಿದ್ದನ್ನ ಬರೆದ. ದೇವಸ್ಥಾನದ ಕಲ್ಲನ್ನ ಮುಟ್ಟಿದ್ನಾ ಹೇಳಿ?" ಆಗ ನಾನು ಸುಮ್ಮನಾದೆ. ಆಮೇಲೆ ಯೋಚಿಸಿದಷ್ಟೂ ಅವರ ಮಾತೇ ಸರಿ ಅನ್ನಿಸಿದೆ. ಕಲ್ಲಿನ ವಿಷಯದಲ್ಲಿ ಟ್ರೈಪ್ ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ ತಂಜಾವೂರಿನ ಸಾಕ್ಷಿಯಿದೆ, ಅಲ್ಲಿಗೂ ಬರುತ್ತೇನೆ.

ಮರುದಿನ ಬೆಳಿಗ್ಗೆ ಗೆಳೆಯರನ್ನು ಕೇದಾರೇಶ್ವರಕ್ಕೆ ಕರೆದುಕೊಂಡು ಹೋದೆ. ಹೊಯ್ಸಳೇಶ್ವರ ನೋಡಿದವರಲ್ಲಿ ಅಲ್ಲಿಗೆ ಹೋಗುವವರು ಕಡಿಮೆ. ಇಮ್ಮಡಿ ವೀರಬಲ್ಲಾಳ ಮತ್ತು ರಾಣಿ ಅಭಿನವ ಕೇತಲದೇವಿ 1219ರ ಹೊತ್ತಿಗೆ ಕಟ್ಟಿಸಿದ ಗುಡಿ. ಅದಕ್ಕೆ ಶಿಖರವಿತ್ತು. ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗ್ಯುಸನ್ ತನ್ನ 1876ರ ಪುಸ್ತಕದಲ್ಲಿ, ಅದರ ಫೋಟೊ ಒಂದನ್ನು ನೋಡಿ ಮಾಡಿಸಿದ ಅಚ್ಚುಚಿತ್ರವನ್ನು ಹಾಕಿದ್ದಾನೆ. ಶಿಖರದ ಸಂದಿಯಲ್ಲಿ ಮರ ಬೇರುಬಿಟ್ಟಿದೆ, ಕಲ್ಲುಗಳನ್ನು ಒಂದೊಂದಾಗಿ ಸಡಿಲಿಸುತ್ತಿದೆ. ಮರವನ್ನು ಆಗಲೇ ಕಿತ್ತಿದ್ದರೆ ಗುಡಿ ಉಳಿಯುತ್ತಿತ್ತು ಎಂಬ ನೋವು ಅವನಿಗಿತ್ತು. ಶಿಖರ ಬಿದ್ದುಹೋಯಿತು. ಈಗ ನಾವು ನೋಡುವುದು ಮತ್ತೆ ಜೋಡಿಸಿ ನಿಲ್ಲಿಸಿದ, ಶಿಖರವಿಲ್ಲದ ಗುಡಿಯನ್ನು. ಆ ಅಚ್ಚುಚಿತ್ರದ ಹಾಳೆಯನ್ನು ಗುಡಿಯ ಎದುರು ಎತ್ತಿ ಹಿಡಿದು ಗೆಳೆಯರು ನಿಂತೇ ಇದ್ದರು. ತೀರಿಹೋದವರ ಪಟ ಮಾಡಿಕೊಟ್ಟು ಅಭ್ಯಾಸವಿದ್ದ ಕೈ. ಏನೂ ಮಾತಾಡಲಿಲ್ಲ.

1850ರ ದಶಕದಲ್ಲಿ ಇಲ್ಲಿ ಕ್ಯಾಮೆರಾ ಹಿಡಿದವನು ಟ್ರೈಪ್ ಒಬ್ಬನೇ ಅಲ್ಲ. ಮದ್ರಾಸು ಸೈನ್ಯದ ವೈದ್ಯ ಡಾ. ನೀಲ್ ಕೂಡ ಇದೇ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದ. ಅವನದೂ, ಪಿಗೋ, ಬಿಗ್ಸ್ ಎಂಬ ಇನ್ನಿಬ್ಬರದೂ ಚಿತ್ರಗಳು ಸೇರಿ ಧಾರವಾಡ, ಮೈಸೂರು ಸೀಮೆಗಳ ವಾಸ್ತುಶಿಲ್ಪದ ದೊಡ್ಡ ಪುಸ್ತಕ 1866ರಲ್ಲಿ ಲಂಡನ್ನಿನಲ್ಲಿ ಬಂತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಗೆ ಹೋಗಿ ಇದೇ ಮೇಣದ ಕಾಗದದ ಮೇಲೆ ವಿಜಯನಗರದ ಹಾಳುಗಳನ್ನು ಹಿಡಿದ. ಈಗ ನಿಮ್ಮ ಜೇಬಿನಲ್ಲಿ 50 ರೂಪಾಯಿಯ ಹೊಸ ನೋಟಿದ್ದರೆ ತೆಗೆದು ನೋಡಿ: ಹಿಂಬದಿಯಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥವಿದೆ, ಚಪ್ಪಟೆ ತಲೆಯ ರಥ. ಗ್ರೀನ್‌ಲಾ ಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆ ಗಾರೆಯ ಗೋಪುರ ನಿಂತಿದೆ! ಆಮೇಲೆ ಅದನ್ನು ತೆಗೆದುಬಿಟ್ಟರು. ಒಂದು ಇಡೀ ನಾಡು ಗುರುತಿನ ಚಿಹ್ನೆ ಮಾಡಿಕೊಂಡ ಶಿಲ್ಪದ ನಿಜವಾದ ಎತ್ತರ ನಮಗೆ ತಿಳಿಯುವುದು ಒಂದು ಮೇಣದ ಕಾಗದದಿಂದ. ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1980ರ ದಶಕದಲ್ಲಿ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಏನು ಬಿತ್ತು, ಏನು ಎದ್ದಿತು ಅಂತ ಕಣ್ಣಿಗೇ ಕಾಣುತ್ತದೆ.

ಟ್ರೈಪ್ ಹಳೇಬೀಡಿನಿಂದ ಮರಳಿದ ಮೇಲೆ, 1855ರ ಆರಂಭದಲ್ಲಿ ಮದ್ರಾಸಿನ ಪ್ರದರ್ಶನಕ್ಕೆ 68 ಚಿತ್ರ ಕಳಿಸಿದ. ಕಾಗದದ ಮೇಲಿನ ದೃಶ್ಯಗಳಲ್ಲಿ ಅತ್ಯುತ್ತಮ ಸರಣಿ ಅಂತ ತೀರ್ಪುಗಾರರು ಹೇಳಿದರು. ಅದರಿಂದ ಹೆಸರಾಯಿತು. ಅದೇ ವರ್ಷ ಗವರ್ನರ್ ಜನರಲ್ ಡಾಲ್‌ಹೌಸಿ ಬರ್ಮಾದ ರಾಜ ಮಿಂಡೋನನ ಆಸ್ಥಾನಕ್ಕೆ ಆರ್ಥರ್ ಫೇರ್ ನೇತೃತ್ವದಲ್ಲಿ ನಿಯೋಗ ಕಳಿಸುವಾಗ ಟ್ರೈಪ್‌ನನ್ನೂ ಸೇರಿಸಿದ. ಮೂರು ವರ್ಷದ ಹಿಂದಷ್ಟೇ ಯುದ್ಧ ಮಾಡಿ ಪೆಗು ಪ್ರಾಂತ್ಯವನ್ನು ಕಿತ್ತುಕೊಂಡಿದ್ದ ಕಂಪನಿ ಈಗ ಸ್ನೇಹದ ಮಾತಿಗೆ ಹೊರಟಿತ್ತು. ಇದನ್ನು ಮುಚ್ಚಿಟ್ಟು ಟ್ರೈಪ್‌ನನ್ನು ಹೊಗಳುವುದು ನನಗೆ ಬೇಡ. ಕ್ಯಾಮೆರಾ ಹೋದದ್ದು ಫಿರಂಗಿ ಹೋದ ದಾರಿಯಲ್ಲೇ. ಆದರೆ ಹೋದ ಮೇಲೆ ಅದು ಕಂಡದ್ದು ಫಿರಂಗಿಗೆ ಕಾಣುವಂಥದ್ದಲ್ಲ.

ಮಳೆಗಾಲ. ಐರಾವತಿ ನದಿಯ ಮೇಲೆ ಉಗಿದೋಣಿ. ಕಾಯಿಲೆ, ಮೋಡ, ತೇವ. ಕೆಲಸಕ್ಕೆ ಸಿಕ್ಕದ್ದು 36 ದಿನ. ಅಷ್ಟರಲ್ಲಿ 200ಕ್ಕೂ ಹೆಚ್ಚು ನೆಗೆಟಿವ್. ಪಗಾನಿನ ಇಟ್ಟಿಗೆ ಪಗೋಡಗಳು, ರಾಜಧಾನಿ ಅಮರಪುರದ ಮರದ ಮಠಗಳ ಕೆತ್ತನೆ, ರಂಗೂನಿನ ಶ್ವೇಡಗಾನ್. ಎರಡೇ ವರ್ಷದಲ್ಲಿ ಮಿಂಡೋನ್ ಮಂಡಾಲೆಯಲ್ಲಿ ಹೊಸ ರಾಜಧಾನಿಗೆ ಅಡಿಪಾಯ ಹಾಕಿದ; ಅಮರಪುರದ ಅರಮನೆಯ ಕಟ್ಟಡಗಳನ್ನು ಬಿಚ್ಚಿ ಅಲ್ಲಿಗೆ ಸಾಗಿಸಿದರು. ಪಗಾನಿನ ಹಲವು ಗೋಪುರಗಳನ್ನು 1975ರ ಭೂಕಂಪ ಉರುಳಿಸಿತು. ಟ್ರೈಪ್ ಕಂಡದ್ದನ್ನು ಅವನ ಹಾಗೆ ಇನ್ನೊಬ್ಬರು ಕಾಣುವ ಅವಕಾಶವೇ ಇಲ್ಲವಾಯಿತು.

ಇಲ್ಲಿಂದ ಮುಂದಿನದನ್ನು ಬೆಂಗಳೂರಿನವರು ಗಮನವಿಟ್ಟು ಕೇಳಬೇಕು. ಬರ್ಮಾದ ನೆಗೆಟಿವ್‌ಗಳಲ್ಲಿ 120ನ್ನು ಆರಿಸಿ, ಒಂದೊಂದರಿಂದ 50 ಪ್ರತಿ ತೆಗೆಯಬೇಕಿತ್ತು. ಲೆಕ್ಕ ಹಾಕಿ, 6,000 ಚಿತ್ರ. ಅಷ್ಟನ್ನೂ ಮಾಡಿದ್ದು ಬೆಂಗಳೂರಿನಲ್ಲಿ! ವಿದ್ಯುತ್ತಿಲ್ಲ, ಯಂತ್ರವಿಲ್ಲ. ಒಂದೊಂದು ಹಾಳೆಗೂ ಕೈಯಿಂದ ಉಪ್ಪು, ಬೆಳ್ಳಿ ಸವರಬೇಕು. ನೆಗೆಟಿವ್‌ನೊಂದಿಗೆ ಚೌಕಟ್ಟಿಗೆ ಬಿಗಿದು ಅಂಗಳದ ಬಿಸಿಲಿಗೆ ಒರಗಿಸಬೇಕು. ಮೋಡ ಬಂದರೆ ಕಾಯಬೇಕು. ಬಣ್ಣ ಹದಕ್ಕೆ ಬಂದಾಗ ಒಳಗೆ ಒಯ್ದು ಚಿನ್ನದ ಲವಣದಲ್ಲಿ ಟೋನ್ ಮಾಡಿ, ಹೈಪೋ ಹಾಕಿ, ಮತ್ತೆ ಮತ್ತೆ ನೀರು ಬದಲಿಸಿ ತೊಳೆಯಬೇಕು. ತೊಳೆಯುವುದರಲ್ಲಿ ಅವಸರ ಮಾಡಿದರೆ ಕೆಲವೇ ವರ್ಷಕ್ಕೆ ಚಿತ್ರ ಹಳದಿಗಟ್ಟಿ ಮಾಸುತ್ತದೆ. ಟ್ರೈಪ್‌ನ ಚಿತ್ರಗಳು ಒಂದೂವರೆ ಶತಮಾನ ದಾಟಿಯೂ ಗಾಢವಾಗಿ ಉಳಿದಿವೆ. ಅಂದರೆ ನೀರು ಸೇದಿ ತಂದವರೂ ತೊಳೆದವರೂ ಎಂಥ ಶ್ರದ್ಧೆಯವರು! ಬರ್ಮಾ ದೇಶ ಜಗತ್ತಿಗೆ ಕಾಣಿಸಿದ್ದು ನಮ್ಮ ಬೆಂಗಳೂರಿನ ಬಿಸಿಲಿನಿಂದ, ಬೆಂಗಳೂರಿನ ನೀರಿನಿಂದ. ಇದು ಎಷ್ಟು ಜನರಿಗೆ ಗೊತ್ತು?

1856ರಲ್ಲಿ ಮದ್ರಾಸು ಸರ್ಕಾರ ಅವನನ್ನು ತನ್ನ ಅಧಿಕೃತ ಫೋಟೊಗ್ರಾಫರ್ ಆಗಿ ನೇಮಿಸಿತು. 1857ರ ಡಿಸೆಂಬರಿನಲ್ಲಿ, ಉತ್ತರದಲ್ಲಿ ಸಿಪಾಯಿಗಳ ದಂಗೆ ಇನ್ನೂ ಉರಿಯುತ್ತಿರುವಾಗಲೇ, ದಕ್ಷಿಣಕ್ಕೆ ಗಾಡಿ ಕಟ್ಟಿದ. ರಾಯಕೋಟೆ, ಸೇಲಂ, ಶ್ರೀರಂಗ, ತಿರುಚಿನಾಪಳ್ಳಿ, ಪುದುಕೋಟೆ, ಮದುರೆ, ತಂಜಾವೂರು. ಮದುರೆಯ ತಿರುಮಲ ನಾಯಕನ ಅರಮನೆ ಆಗ ಕುಸಿದು ನಿಂತಿತ್ತು. ಮುಂದಿನ ದಶಕದಲ್ಲಿ ನೇಪಿಯರ್ ಗವರ್ನರನಾಗಿ ಬಂದ ಮೇಲೆ ಅದರ ದುರಸ್ತಿಗೆ ಕೈಹಾಕಿದರು.

ತಂಜಾವೂರಿನಲ್ಲಿ ಅವನು ಮಾಡಿದ ಕೆಲಸ ನೆನೆದರೆ ನನಗೆ ಮೈ ಝುಂ ಅನ್ನುತ್ತದೆ. ರಾಜರಾಜ ಚೋಳ 1010ರಲ್ಲಿ ಪೂರೈಸಿದ ಬೃಹದೀಶ್ವರದ ವಿಮಾನದ ಬುಡದಲ್ಲಿ ಸುತ್ತಲೂ ತಮಿಳು ಶಾಸನ ಕೊರೆದಿದೆ. ಅದನ್ನು ಒಂದೇ ಚಿತ್ರದಲ್ಲಿ ಹಿಡಿಯಲಾಗದು. ಟ್ರೈಪ್ ಗೋಡೆಯಿಂದ ಒಂದೇ ದೂರ, ನೆಲದಿಂದ ಒಂದೇ ಎತ್ತರ ಕಾಯ್ದುಕೊಂಡು, ಕ್ಯಾಮೆರಾವನ್ನು ಅಷ್ಟಷ್ಟೇ ಸರಿಸುತ್ತ, ಒಂದಾದ ಮೇಲೊಂದು ಚಿತ್ರ ತೆಗೆದ. 21 ಚಿತ್ರ ಸೇರಿಸಿ ಅಂಟಿಸಿದಾಗ ಸುಮಾರು 19 ಅಡಿ ಉದ್ದದ ಪಟ್ಟಿ. ಅಂದ ನೋಡಿ ಮಾಡಿದ ಕೆಲಸ ಅಲ್ಲ ಇದು. ಓದಬಲ್ಲವನೊಬ್ಬ ಎಲ್ಲೋ ಕೂತು ಓದಲಿ ಅಂತ, ಆ ಹಳೆಯ ಅಕ್ಷರಗಳನ್ನು ಇಷ್ಟು ನಿಷ್ಠೆಯಿಂದ ಎತ್ತಿಕೊಟ್ಟ ಮನುಷ್ಯನನ್ನು ಮೋಡ ಬಿಡಿಸಿದ ಎಂದು ನಾನು ದೂರುವುದಿಲ್ಲ.

1858ರಲ್ಲಿ ಮದ್ರಾಸಿನ ವಸ್ತುಸಂಗ್ರಹಾಲಯಕ್ಕೆ ಹೋಗಿ ಅಮರಾವತಿಯ ಬೌದ್ಧ ಶಿಲೆಗಳನ್ನು ಚಿತ್ರಿಸಿದ. ಆ ಶಿಲೆಗಳನ್ನು ಅಗೆಸಿ ತರಿಸಿದ್ದು ವಾಲ್ಟರ್ ಎಲಿಯಟ್; ಅದಕ್ಕೂ ಹಿಂದೆ ಧಾರವಾಡದಲ್ಲಿದ್ದಾಗ ನಮ್ಮ ಶಾಸನಗಳ ನಕಲು ಮಾಡಿಸಿಟ್ಟ ಅದೇ ಎಲಿಯಟ್.

ಇಷ್ಟೆಲ್ಲ ಸರಸರ ನಡೆಯುತ್ತಿದ್ದಾಗ ತೆರೆ ಬಿತ್ತು. ದಂಗೆಯ ಖರ್ಚಿನಿಂದ ಖಜಾನೆ ಬರಿದಾಗಿತ್ತು. 1859ರಲ್ಲಿ ಮದ್ರಾಸಿಗೆ ಬಂದ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ದುಂದುವೆಚ್ಚ ಹುಡುಕಿ ಕತ್ತರಿಸುವ ಮನುಷ್ಯ. ಸರ್ಕಾರ ಫೋಟೊಗ್ರಾಫರನನ್ನು ಸಾಕುವುದು ಐಷಾರಾಮ ಎಂದು ಅವನಿಗೆ ತೋರಿತು. ನಿಲ್ಲಿಸಿ ಅಂದ. 1860ರ ಹೊತ್ತಿಗೆ ಬೆಂಗಳೂರಿನ ಸ್ಟುಡಿಯೊ ಮುಚ್ಚಿತು. ಟ್ರೈಪ್‌ಗೆ ಆಗ ಮೂವತ್ತೆಂಟು. ಹಂಪಿ, ಬಾದಾಮಿ, ಲಕ್ಕುಂಡಿ, ಸೋಮನಾಥಪುರ ಹೀಗೆ ಇನ್ನೂ ಎಷ್ಟು ಕಡೆ ಆ ಕಣ್ಣು ಹೋಗಬಹುದಿತ್ತು! ಲೆಕ್ಕಪತ್ರದ ಒಂದು ಗೆರೆಯಿಂದ ಆದ ನಷ್ಟವನ್ನು ಯಾವ ಲೆಕ್ಕದಲ್ಲಿ ಬರೆಯುವುದು? ಸರ್ಕಾರಗಳು ಇಂಥದ್ದನ್ನು ಐಷಾರಾಮ ಅಂದಾಗಲೆಲ್ಲ ನನಗೆ ಕೇದಾರೇಶ್ವರದ ಶಿಖರದ ಮರ ನೆನಪಾಗುತ್ತದೆ.

ಮತ್ತೆ ಪಲ್ಟನ್ನಿಗೆ ಮರಳಿದ ಟ್ರೈಪ್ ಮುಂದೆ ಚಿತ್ರ ತೆಗೆದದ್ದು ತೀರಾ ಕಡಿಮೆ. 1869, 70ರ ಹೊತ್ತಿಗೆ ಬರ್ಮಾದ ಟೌಂಗೂವಿನಲ್ಲಿದ್ದಾಗ ಕೆಲವೇ ಕೆಲವು. ನಿವೃತ್ತನಾಗಿ ಡೆವನ್‌ಪೋರ್ಟ್‌ಗೆ ಹೋದ; 1902ರ ಮಾರ್ಚ್ 2ರಂದು ಅಲ್ಲೇ ತೀರಿಕೊಂಡ. ಅವನ ಹೆಸರನ್ನು ಎತ್ತುವವರು ಬಹುಕಾಲ ವಿರಳವಾಗಿದ್ದರು. 2014 ಮತ್ತು 2015ರಲ್ಲಿ ವಾಷಿಂಗ್ಟನ್, ನ್ಯೂಯಾರ್ಕ್, ಲಂಡನ್‌ಗಳ ದೊಡ್ಡ ಸಂಗ್ರಹಾಲಯಗಳಲ್ಲಿ ಅವನ ಚಿತ್ರಗಳ ಪ್ರದರ್ಶನ ನಡೆಯಿತು.

ನನ್ನ ಕಥೆ ಕೇಳಿದವರು ಕೊನೆಗೆ ಕೇಳುವುದು, ಅವನ ಜೊತೆ ದುಡಿದ ನಮ್ಮವರು ಯಾರು ಅಂತ. ಉಳಿದು ಬಂದ ಹೆಸರು ಸಿ. ಅಯ್ಯಾಸ್ವಾಮಿ ಎಂಬವರದು. ಟ್ರೈಪ್‌ನ ಕೈಕೆಳಗೆ ಕೆಲಸ ಮಾಡಿದವರು, ಮದ್ರಾಸಿನ ಕೈಗಾರಿಕಾ ಕಲಾಶಾಲೆಯಲ್ಲಿ ಫೋಟೊಗ್ರಫಿ ಕಲಿಸಿದವರು. ಡಾ. ಅಲೆಕ್ಸಾಂಡರ್ ಹಂಟರ್ 1850ರಲ್ಲಿ ಕಟ್ಟಿದ ಆ ಶಾಲೆಯಿಂದ ಈ ವಿದ್ಯೆ ನಮ್ಮ ಹುಡುಗರ ಕೈಗೆ ಬಂತು. ಸ್ಟುಡಿಯೊ ಗೆಳೆಯರಿಗೆ ಈ ಹೆಸರು ಹೇಳಿದಾಗ ಅವರು ಎರಡು ಸಲ ಉಚ್ಚರಿಸಿ, ಡೈರಿಯ ಹಿಂದಿನ ಪುಟದಲ್ಲಿ ಬರೆದುಕೊಂಡರು.

ಅವರದೇ ಒಂದು ಸಲಹೆಯಿದೆ, ಅದು ಈಗ ನನ್ನದೂ ಹೌದು. ಹಳೇಬೀಡಿನ ದೇವಾಲಯದ ಆವರಣದಲ್ಲೇ ವಸ್ತುಸಂಗ್ರಹಾಲಯವಿದೆ. ಹೊಯ್ಸಳರ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಬರುವವರೂ ಹೆಚ್ಚು. ಅಲ್ಲಿನ ಒಂದು ಗೋಡೆಯ ಮೇಲೆ ಟ್ರೈಪ್ ಮತ್ತು ನೀಲ್ ತೆಗೆದ ಹಳೇಬೀಡಿನ ಚಿತ್ರಗಳನ್ನು, ಅವು ಇದ್ದಷ್ಟೇ ಅಳತೆಯಲ್ಲಿ, ಎಲ್ಲಿ ನಿಂತು ತೆಗೆದದ್ದು ಎಂಬ ದಿಕ್ಕಿನ ಸಮೇತ ತೂಗುಹಾಕಬೇಕು. ಪಕ್ಕದಲ್ಲಿ ಶಿಖರವಿದ್ದ ಕೇದಾರೇಶ್ವರ ಇರಬೇಕು. ಕೆಳಗೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಮಕ್ಕಳಿಗೂ ಓದಲು ಬರುವ ಹಾಗೆ ಬರೆಯಬೇಕು: ಮೇಣದ ಕಾಗದ, 1854.